ಉದ್ದ ಬಾರ್, ಗಿಡ್ಡ ಬಾರ್

ಜಿಂಜಾ
9 ಜನವರಿ 1996

ಪ್ರೀತಿಯ ಸೆಂಗಾ,

ಕೂತು ಓದಿ. ನಿಂತು ಓದಿದರೆ ಅಂಗಡಿಯಲ್ಲೇ ಕುಣಿದುಬಿಡುತ್ತೀರಿ, ನ್ಯೆಂಡೊ ಸಂತೆಯವರೆಲ್ಲ ನೋಡುತ್ತಾರೆ. ನಿಮ್ಮ ತಮ್ಮನ ಮಗಳು ಪ್ರೊಸ್ಕೋವಿಯಾ ಇನ್ನು ಮೇಲೆ ಟೈಪ್ ಹೊಡೆಯುವ ಹುಡುಗಿಯಲ್ಲ. ನಗಾರಿ ಮಾರ್ಕ್ ಸೋಪು ಕಾರ್ಖಾನೆಯಲ್ಲಿ ಬೆಲೆ ಕಟ್ಟುವ ಮೇಜು ನನ್ನದಾಗಿದೆ! ಆ ಕೋಣೆಯಲ್ಲಿ ಇದುವರೆಗೆ ಹೆಂಗಸರು ಹೋಗಿದ್ದು ಚಹಾ ಕೊಡಲು ಮಾತ್ರ.

ಆಗಿದ್ದು ಹೀಗೆ. ಜಿಂಕೆ ಮಾರ್ಕಿನವರು ತಮ್ಮ ಬಾರ್ ಸೋಪನ್ನು ನಮಗಿಂತ ಐವತ್ತು ಶಿಲ್ಲಿಂಗ್ ಕಡಿಮೆಗೆ ಮಾರುತ್ತಿದ್ದಾರಲ್ಲ, ಅದಕ್ಕೆ ಏನು ಮಾಡುವುದೆಂದು ದೊಡ್ಡವರ ಸಭೆ ಸೇರಿತ್ತು. ನಾವು ಇಳಿಸಿದರೆ ಅವರೂ ಇಳಿಸುತ್ತಾರೆ, ಅವರು ಇಳಿಸಿದರೆ ನಾವೂ ಇಳಿಸುತ್ತೇವೆ. ಮೂಲೆಯಲ್ಲಿ ಕೂತು ಸಭೆಯ ಮಾತು ಟೈಪ್ ಮಾಡುತ್ತಿದ್ದ ನನ್ನ ನಾಲಿಗೆ ಸುಮ್ಮನಿರಲಿಲ್ಲ.

"ಸಾರ್, ಇಡೀ ಬಾರ್ ಯಾರ್ ತಗೋತಾರೆ? ಅಂಗಡಿಯವರು ತಂತೀಲಿ ಕುಯ್ದು ತುಂಡು ಲೆಕ್ಕದಲ್ಲಿ ಮಾರ್ತಾರೆ. ಬಾರೇ ಗಿಡ್ಡ ಮಾಡಿ, ಬೆಲೆ ತುಂಬಾ ಇಳಿಸಿ. ಅಂಗಡಿಯವರು ಕಡಿಮೆ ದುಡ್ಡಿಗೆ ಬಾರ್ ಬಂತು ಅಂತ ನಮ್ಮದನ್ನೇ ಎತ್ಕೋತಾರೆ," ಎಂದೆ.

ನಮ್ಮ ಮ್ಯಾನೇಜರ್ ವಾಂಡೆರಾ ಕನ್ನಡಕ ತೆಗೆದು ನೋಡಿದರು. "ನೀನಿಲ್ಲಿ ಟೈಪ್ ಮಾಡಕ್ಕೆ ಬಂದಿದ್ದೀಯೋ, ಮಾತಾಡಕ್ಕೋ?"

"ಒಂದೇ ಸಂಬಳದಲ್ಲಿ ಎರಡೂ ಮಾಡ್ತಿದ್ದೀನಿ ಸಾರ್."

ಅವರು ನಕ್ಕರು. ಮಾರನೆಯ ದಿನ ಮೇಜು ಕೊಟ್ಟರು. ಆದರೆ ಷರತ್ತು ಕೇಳಿ: ಮಸಾಕಾ ಕಡೆಯ ಮಾರುಕಟ್ಟೆಯನ್ನು ಜೂನ್ ಮುಗಿಯುವುದರೊಳಗೆ ಜಿಂಕೆಯಿಂದ ಕಿತ್ತುಕೊಳ್ಳಬೇಕು. ಇಲ್ಲದಿದ್ದರೆ ಮಸಾಕಾದ ಗೋದಾಮಿಗೆ ಬೀಗ, ಅಲ್ಲಿನವರೆಲ್ಲ ಮನೆಗೆ, ನಾನು ವಾಪಸ್ ಟೈಪ್ ಯಂತ್ರಕ್ಕೆ. ಸೆಂಗಾ, ನಾನು ವಾಪಸ್ ಹೋಗಲಾರೆ. ಈ ಕುರ್ಚಿ ನನಗೆ ಬೇಕೇ ಬೇಕು.

ಫೆಬ್ರವರಿಯಿಂದ ಗಿಡ್ಡ ಬಾರ್ ಬರುತ್ತದೆ. ಒಂಬೈನೂರರ ಜಾಗದಲ್ಲಿ ಏಳುನೂರು ಶಿಲ್ಲಿಂಗ್. ಇದು ಗುಟ್ಟು, ನಿಮ್ಮ ಬೆಕ್ಕಿಗೂ ಹೇಳಬೇಡಿ. ನಿಮ್ಮ ಅಂಗಡಿಯಲ್ಲಿ ಅದನ್ನು ಎದುರಿಗೇ ಜೋಡಿಸಿ ಇಡಿ. ಅಪ್ಪ ಅಮ್ಮ ಊರಲ್ಲಿ ಚೆನ್ನಾಗಿದ್ದಾರೆಯೇ?

ಕಾಲು ನೆಲದ ಮೇಲೆ ನಿಲ್ಲದ
ಪ್ರೊಸ್ಕೋ


ನ್ಯೆಂಡೊ, ಮಸಾಕಾ
20 ಜನವರಿ

ಮಗಳೇ ಪ್ರೊಸ್ಕೋ,

ಕೂತೇ ಓದಿದೆ. ಆಮೇಲೆ ಎದ್ದು ಕುಣಿದೆ. ಪಕ್ಕದ ಮೀನಿನ ಅಂಗಡಿಯವಳು "ಎಫುಲಾನ್ಸೀ, ಲಾಟರಿ ಹೊಡೀತಾ?" ಎಂದು ಕೇಳಿದಳು. "ಹೂಂ, ಆ ಲಾಟರಿಗೆ ಇಪ್ಪತ್ತಾರು ವರ್ಷ," ಎಂದೆ.

ನಿನ್ನ ಅಪ್ಪ ಅಮ್ಮ ಚೆನ್ನಾಗಿದ್ದಾರೆ. ಇಪ್ಪತ್ತಾರಾದರೂ ನೀನು ಒಬ್ಬ ಗಂಡನ್ನು ತೋರಿಸಿಲ್ಲವೆಂದು ನನ್ನನ್ನು ಬೈಯುತ್ತಾರೆ. ಅಪ್ಪನ ಅಕ್ಕನಾಗಿ, ನಿನ್ನ ಸೆಂಗಾ ಆಗಿ ಹುಟ್ಟಿದ ತಪ್ಪಿಗೆ ನಿನ್ನ ಮದುವೆ ನನ್ನ ತಲೆಯ ಮೇಲೆ. ಬೇರೆ ಸೆಂಗಾಗಳು ತಮ್ಮ ಸೊಸೆಯಂದಿರಿಗೆ ಗಂಡನನ್ನು ಹೇಗೆ ನೋಡಿಕೊಳ್ಳಬೇಕೆಂದು ಹೇಳಿಕೊಡುತ್ತಾರೆ. ನಾನು ನಿನ್ನ ಸೋಪು ನೋಡಿಕೊಳ್ಳುತ್ತಿದ್ದೇನೆ.

ಸೋಪಿನ ವಿಷಯಕ್ಕೆ ಬರುತ್ತೇನೆ. ಜಿಂಕೆಯವರು ಬಂದು ನನ್ನ ಅಂಗಡಿಯ ಎಡಗೋಡೆಗೆ ಪುಕ್ಕಟೆ ಬಣ್ಣ ಬಳಿದು ಜಿಂಕೆ ಬರೆದು ಹೋದರು. ಮಾರನೆಯ ದಿನವೇ ನಿಮ್ಮ ಗೋದಾಮಿನವರು ಓಡಿ ಬಂದು ಬಲಗೋಡೆಗೆ ನಗಾರಿ ಬರೆದರು. ಎರಡು ಗೋಡೆ ಅವರಿಗೆ, ಬಾಗಿಲು ನನಗೆ. ನೀವು ಹೀಗೇ ಜಗಳವಾಡುತ್ತಿರಿ, ನನ್ನ ಸೂರೂ ಒಂದು ದಿನ ರಿಪೇರಿಯಾದೀತು.

ಜಿಂಕೆಯ ಕಡೆಯಿಂದ ಒಬ್ಬ ಹೊಸ ಹುಡುಗ ಬರುತ್ತಿದ್ದಾನೆ, ಕಯೊಂಡೊ ಅಂತ. ಕೆಂಪು ಟೈ. ಬಂದವನೇ ನೆಲಕ್ಕೆ ಬಾಗಿ ನಮಸ್ಕಾರ ಹೇಳುತ್ತಾನೆ, ಚಹಾ ಕುಡಿಯುತ್ತಾನೆ, ಬೆಣ್ಣೆಯ ಹಾಗೆ ಮಾತಾಡುತ್ತಾನೆ. ಶತ್ರುವಾದರೂ ಹುಡುಗ ಕೆಟ್ಟವನಲ್ಲ.

ಒಂದು ಕೆಲಸ ಮಾಡು. ಉದ್ದ ಬಾರ್ ನಿಲ್ಲಿಸುವ ಮೊದಲು ಗೋದಾಮಿನಲ್ಲಿ ಉಳಿದಿರುವುದನ್ನೆಲ್ಲ ನನಗೆ ಕೊಡಿಸು, ಹಳೆಯ ಬೆಲೆಗೇ. ನನ್ನ ಕೆಲವು ಗಿರಾಕಿಗಳಿಗೆ ಹೊಸದು ಒಗ್ಗುವುದಿಲ್ಲ. ಇನ್ನೊಂದು ಮಾತು. ಸೋಪು ಇರುವುದು ಬಟ್ಟೆ ಒಗೆಯಲು ಮಾತ್ರ ಎಂದು ನಿಮ್ಮ ಸಭೆಯಲ್ಲಿ ಎಲ್ಲರೂ ಒಪ್ಪಿದರೇ?

ನಿನ್ನ ಸೆಂಗಾ


ಜಿಂಜಾ
2 ಮಾರ್ಚ್

ಪ್ರೀತಿಯ ಸೆಂಗಾ,

ಗೆದ್ದೆವು! ಲಾರಿ ಮೇಲೆ ಲಾರಿ ಹೋಗುತ್ತಿದೆ. ಮಸಾಕಾ ಗೋದಾಮಿನಿಂದ ದಿನಕ್ಕೆರಡು ಸಲ ಫೋನು: "ಗಿಡ್ಡ ಬಾರ್ ಕಳಿಸಿ, ಗಿಡ್ಡ ಬಾರ್ ಕಳಿಸಿ." ಅಂಗಡಿಯವರು ಜಿಂಕೆಯನ್ನು ಹಿಂದಿನ ಸಾಲಿಗೆ ತಳ್ಳಿದ್ದಾರಂತೆ. ವಾಂಡೆರಾ ಸಾಹೇಬರು ನಿನ್ನೆ ಎಲ್ಲರಿಗೂ ಸೋಡಾ ಕೊಡಿಸಿದರು. ನನಗೆ ಎರಡು.

"ಈ ಹುಡುಗಿ ಸೋಪಿನ ಒಳಗಡೆ ಹೊಕ್ಕು ನೋಡಿದ್ದಾಳೆ," ಎಂದು ಎಲ್ಲರ ಮುಂದೆ ಹೇಳಿದರು. ಸೆಂಗಾ, ಯಾರಾದರೂ ನನ್ನ ಬಗ್ಗೆ ಹೀಗೆ ಹೇಳಿದ್ದು ಇದೇ ಮೊದಲು. ಬಚ್ಚಲಿಗೆ ಹೋಗಿ ಅತ್ತು ಬಂದೆ.

ಸೋಪು ಬಟ್ಟೆಗೆ ಮಾತ್ರವೇ ಎಂದು ಕೇಳಿದ್ದಿರಿ. ಇಲ್ಲ, ಪಾತ್ರೆಗೂ ಮೈಗೂ ಹಾಕುತ್ತಾರೆ, ಅದನ್ನೂ ಲೆಕ್ಕ ಹಿಡಿದಿದ್ದೇನೆ. ಇಲ್ಲಿನ ವಾಲುಕುಬಾ ಕೇರಿಯ ನಲ್ಲಿಗಳ ಹತ್ತಿರ ವಾರಗಟ್ಟಲೆ ಕೂತು ಹೆಂಗಸರನ್ನು ವಿಚಾರಿಸಿದ್ದೇನೆ. ಯಾರೂ ಒಂದು ತುಂಡಿಗಿಂತ ಹೆಚ್ಚು ಕೊಳ್ಳುವುದಿಲ್ಲ. ನೀವು ಕೇಳಿದ ಹಳೆಯ ಉದ್ದ ಬಾರ್‌ಗಳೆಲ್ಲ ನಿಮಗೆ ತಲುಪಿದವಲ್ಲ? ಗೋದಾಮಿನವರು ಪೀಡೆ ಕಳೆಯಿತು ಅಂದರಂತೆ. ಪಾಪ ನೀವು, ಅದನ್ನು ಮಾರಿ ಮುಗಿಸುವುದು ಹೇಗೆ?

ಆ ಕೆಂಪು ಟೈಯವನಿಗೆ ಚಹಾ ಕೊಡುವುದು ನಿಲ್ಲಿಸಿ. ಶತ್ರುವನ್ನು ಸಾಕಬಾರದು. ಅವನ ಕೆಮ್ಮು ವಾಸಿಯಾಯಿತೇ?

ನಿಮ್ಮ
ಪ್ರೊಸ್ಕೋ


ನ್ಯೆಂಡೊ
10 ಮಾರ್ಚ್

ಪ್ರೊಸ್ಕೋ,

ಬಸ್ಸಿನವನು ಕಾಯುತ್ತಿದ್ದಾನೆ, ನಾಲ್ಕೇ ಸಾಲು ಬರೆಯುತ್ತೇನೆ. ನಿನ್ನ ಗೆಲುವು ಕೇಳಿ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಉದ್ದ ಬಾರ್ ತಲುಪಿವೆ, ನನ್ನ ಚಿಂತೆ ಬಿಡು. ಈಗ ಈಸ್ಟರಿಗೆ ಮುಂಚಿನ ತಪಸ್ಸುಕಾಲ ನಡೆಯುತ್ತಿದೆ, ನಮ್ಮ ಕಡೆ ಮದುವೆಯಿಲ್ಲ, ಡೋಲು ಇಲ್ಲ, ಊರು ತೆಪ್ಪಗಿದೆ. ಉಪವಾಸದ ದಿನ ಅಡುಗೆಯವಳಿಗೆ ಬಹುಮಾನ ಕೊಡಬಾರದು ಅನ್ನುತ್ತಾರೆ.

ಹುಡುಗ ಕೆಮ್ಮುತ್ತಾನೆಂದು ನಾನು ಬರೆದ ನೆನಪಿಲ್ಲ. ವಯಸ್ಸಾಯಿತು, ಬರೆದಿದ್ದೆನೇನೋ.

ಸೆಂಗಾ


ಜಿಂಜಾ
29 ಏಪ್ರಿಲ್

ಸೆಂಗಾ,

ಇದು ಮೂರನೆಯ ಪತ್ರ. ಈಸ್ಟರ್ ಕಳೆದು ಮೂರು ವಾರವಾಯಿತು, ನಿಮ್ಮಿಂದ ಒಂದು ಸಾಲಿಲ್ಲ. ಮೈ ಹುಷಾರಿದೆಯೇ?

ಇಲ್ಲಿ ಎಲ್ಲ ತಲೆಕೆಳಗಾಗಿದೆ. ಈಸ್ಟರ್ ಮುಗಿದ ವಾರವೇ ಮಸಾಕಾದಿಂದ ಫೋನು ನಿಂತಿತು. ಎರಡನೆಯ ವಾರ ಫೋನು ಬಂತು: "ಲಾರಿ ಕಳಿಸಬೇಡಿ, ಇಡಲು ಜಾಗವಿಲ್ಲ." ಜಿಂಕೆಯವರ ಉದ್ದ ಬಾರ್ ಮತ್ತೆ ಮುಂದಿನ ಸಾಲಿಗೆ ಬಂದಿದೆಯಂತೆ. ನಮ್ಮದಕ್ಕಿಂತ ನೂರೈವತ್ತು ಶಿಲ್ಲಿಂಗ್ ಹೆಚ್ಚು ಕೊಟ್ಟು ಜನ ಅದನ್ನೇ ಒಯ್ಯುತ್ತಿದ್ದಾರೆ. ನೂರೈವತ್ತು ಹೆಚ್ಚು! ನಿಮ್ಮ ಊರಿಗೇನು ಹುಚ್ಚು ಹಿಡಿದಿದೆಯೇ?

ವಾಂಡೆರಾ ಸಾಹೇಬರು ಸೋಡಾ ಕೊಡಿಸುವುದು ಬಿಟ್ಟಿದ್ದಾರೆ. "ಐನೂರೈವತ್ತಕ್ಕೆ ಇಳಿಸು. ಎಣ್ಣೆ, ಕಾಸ್ಟಿಕ್ ಸೋಡಾದ ಖರ್ಚೂ ಹುಟ್ಟದಿದ್ರೆ ಪರವಾಗಿಲ್ಲ, ಮೊದಲು ಜಿಂಕೆ ಸಾಯಲಿ," ಎನ್ನುತ್ತಾರೆ. ಹಾಗೆ ಇಳಿಸಿದರೆ ಮೊದಲು ಸಾಯುವುದು ನಾವೇ. ನನ್ನ ಕುರ್ಚಿಯ ಮೇಲೆ ಈಗಾಗಲೇ ಸೇಲ್ಸ್‌ನ ಇಬ್ಬರು ಕಣ್ಣಿಟ್ಟಿದ್ದಾರೆ. ಒಬ್ಬ ನಿನ್ನೆ ಬಂದು ಅದು ಮರದ್ದೋ ಕಬ್ಬಿಣದ್ದೋ ಎಂದು ತಟ್ಟಿ ನೋಡಿ ಹೋದ.

ಏನಾಗುತ್ತಿದೆ ಅಲ್ಲಿ? ನೀವು ಅಂಗಡಿಯಲ್ಲೇ ಇದ್ದೀರಿ, ನಿಮಗೆ ಕಾಣುತ್ತಿರಬೇಕು. ದಯವಿಟ್ಟು ಬರೆಯಿರಿ. ಜೂನ್‌ಗೆ ಎರಡೇ ತಿಂಗಳು.

ಪ್ರೊಸ್ಕೋ


ನ್ಯೆಂಡೊ
3 ಮೇ

ಮಗಳೇ,

ಮೈ ಹುಷಾರಿದೆ, ಕೈಗೆ ಬಿಡುವಿರಲಿಲ್ಲ. ಈಸ್ಟರ್ ಆದಮೇಲೆ ನಮ್ಮ ಕಡೆ ಯಾವ ಕಾಲವೆಂದು ಮರೆತೆಯಾ? ಶನಿವಾರ ಬಂತೆಂದರೆ ಊರೂರಲ್ಲಿ ಕ್ವಂಜುಲಾ. ಗಂಡಿನ ಕಡೆಯವರು ಮದುವೆ ಗೊತ್ತು ಮಾಡಲು ಕಾಣಿಕೆಯ ಬುಟ್ಟಿ ಹೊತ್ತು ಹೆಣ್ಣಿನ ಮನೆಗೆ ಸಾಲು ಹಿಡಿದಿದ್ದಾರೆ. ಹಳ್ಳಿಗೆ ಹೋಗುವ ಒಂದು ಟ್ಯಾಕ್ಸಿಯೂ ಖಾಲಿ ಸಿಗುವುದಿಲ್ಲ.

ಈಸ್ಟರ್ ಕಳೆದ ಮೊದಲ ಶನಿವಾರವೇ ಕಲುಂಗುವಿನ ಒಂದು ಮನೆಗೆ ಹೋಗಿದ್ದೆ. ಹಿತ್ತಲ ತುಂಬ ಬಾಳೆಲೆ ಹಾಸಿ ಜನ ಕೂತಿದ್ದರು. ಗಂಡಿನ ಕಡೆಯ ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಸಾಲಾಗಿ ಬಂದು ಮಂಡಿಯೂರಿದರು. ಸಕ್ಕರೆ, ಉಪ್ಪು, ಮಾಂಸ, ಬ್ರೆಡ್ಡು. ಕೊನೆಗೆ ಸೋಪಿನ ಬುಟ್ಟಿ ಬಂತು. ಸೋಪಿನ ಬುಟ್ಟಿ ಹೇಗಿರಬೇಕು? ಬಾರ್‌ಗಳು ಅಂಚು ದಾಟಿ ಮೇಲೆ ನಿಂತಿರಬೇಕು, ಸಭೆಯ ಕೊನೆಯಲ್ಲಿ ಕೂತ ಮುದುಕಿಗೂ ಕಾಣಬೇಕು. ಈ ಬುಟ್ಟಿ ನೋಡಿದರೆ ಬರಿದಾಗಿತ್ತು. ಹೆಣ್ಣಿನ ಕಡೆಯ ಮಾತುಗಾರ ಎದ್ದು ಬಂದು ಒಳಗೆ ಕೈ ಹಾಕಿ ಹುಡುಕಿ ಒಂದು ಬಾರ್ ಎತ್ತಿ ಹಿಡಿದ. ನಗಾರಿ ಮಾರ್ಕು. ಗಿಡ್ಡದು.

"ಬೀಗರೇ," ಎಂದ, "ದಾರೀಲಿ ಕೆರೆ ಸಿಕ್ತೇನ್ರೀ? ಎಲ್ರೂ ಮೈ ತಿಕ್ಕೊಂಡು ಉಳಿದಿದ್ದು ತಂದಂಗಿದೆ!"

ಐನೂರು ಜನ ಒಟ್ಟಿಗೆ ನಕ್ಕರು. ಗಂಡಿನ ಚಿಕ್ಕಪ್ಪ ಎದ್ದು, "ಇಲ್ಲ ಸ್ವಾಮಿ, ಹೊಸದೇ, ಕಂಪನಿಯವರೇ ಗಿಡ್ಡ ಮಾಡಿದ್ದಾರೆ," ಎಂದ.

"ಕಂಪನಿಯವ್ರು ಗಿಡ್ಡ ಮಾಡಿದ್ರೆ ನೀವ್ಯಾಕೆ ತಂದ್ರಿ? ನಮ್ಮ ಹುಡುಗೀನೂ ಅರ್ಧ ಕೊಡೋಣ್ವಾ?"

ದಂಡ ಕಟ್ಟಿಸಿಕೊಂಡರು, ಯಾರನ್ನೋ ಸೈಕಲ್ಲಿನಲ್ಲಿ ಓಡಿಸಿ ಜಿಂಕೆ ತರಿಸಿದರು. ಆಮೇಲೆ ಊಟ ಚೆನ್ನಾಗಿತ್ತು. ಬೇಯಿಸಿದ ಬಾಳೆಕಾಯಿಯ ಮಟೋಕೆ, ಕಡಲೆಕಾಯಿ ಸಾರು, ಹುರಿದ ಮಿಡತೆ ಕೂಡ ಇತ್ತು. ಆದರೆ ಆ ಮಾತು ಊಟಕ್ಕಿಂತ ಮೊದಲೇ ಮಸಾಕಾ ತಲುಪಿತ್ತು. ಈಗ ಗಿಡ್ಡ ನಗಾರಿಗೆ ಇಲ್ಲಿ "ಉಳಿದದ್ದು" ಎಂದು ಹೆಸರು ಬಿದ್ದಿದೆ. ಬಟ್ಟೆಗೆ ಒಂದು ತುಂಡು ಕೊಳ್ಳುವವಳೂ "ಉಳಿದದ್ದು ಬೇಡ, ಬೇರೆ ಕೊಡಿ," ಎನ್ನುತ್ತಾಳೆ.

ನೀನೂ ಹತ್ತು ಕ್ವಂಜುಲಾದಲ್ಲಿ ಬುಟ್ಟಿ ಹೊತ್ತವಳು. ಬೆಲೆ ಇಳಿಸಬೇಡ. ಇನ್ನಷ್ಟು ಇಳಿಸಿದರೆ ಇನ್ನಷ್ಟು ನಗುತ್ತಾರೆ.

ಸೆಂಗಾ


ಜಿಂಜಾ
11 ಮೇ

ಸೆಂಗಾ,

ನಿಮ್ಮ ಪತ್ರ ಓದಿ ಮೇಜಿಗೆ ತಲೆ ಚಚ್ಚಿಕೊಂಡೆ. ಹೌದು, ಹೊತ್ತಿದ್ದೇನೆ. ನಾಲ್ಕು ಸೋದರಸಂಬಂಧಿಗಳ ಮದುವೆಗೆ ಸೋಪಿನ ಬುಟ್ಟಿಯನ್ನೇ ಹೊತ್ತಿದ್ದೇನೆ. ಆದರೆ ನಲ್ಲಿಯ ಹತ್ತಿರ ಕೂತು ಲೆಕ್ಕ ಹಿಡಿಯುವಾಗ ತಲೆಯ ಮೇಲಿನ ಬುಟ್ಟಿ ನೆನಪಾಗಲಿಲ್ಲ. ಮದುವೆಯಾಗುವವರು ನನ್ನ ಪಟ್ಟಿಯಲ್ಲೇ ಇರಲಿಲ್ಲ.

ಇದಕ್ಕೆ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದಾಗ ಇನ್ನೊಂದು ಸುದ್ದಿ ಬಂತು. ನಿಮ್ಮ ಅಂಗಡಿಯಲ್ಲಿ ನಗಾರಿಯ ಹಳೆಯ ಉದ್ದ ಬಾರ್ ಮಾರುತ್ತಿದ್ದೀರಂತೆ. ಸಾವಿರದ ಮುನ್ನೂರಕ್ಕೆ! ಜಿಂಕೆಗಿಂತಲೂ ದುಬಾರಿಗೆ! ಮದುಮಕ್ಕಳು ಸಾಲುಗಟ್ಟಿ ಒಯ್ಯುತ್ತಿದ್ದಾರಂತೆ! ಜನವರಿಯಲ್ಲಿ ನಾನು ಗುಟ್ಟು ಹೇಳಿದ ಗಳಿಗೆಯಿಂದಲೇ ನಿಮಗೆ ಗೊತ್ತಿತ್ತು. ಗೋದಾಮು ಬಳಿದು ಕೂಡಿಟ್ಟಿರಿ. ನಾನು ಮುಳುಗುವುದನ್ನು ನೋಡುತ್ತ ದಡದಲ್ಲಿ ದೋಣಿ ಬಾಡಿಗೆಗೆ ಬಿಟ್ಟಿರಿ. ಸ್ವಂತ ಸೆಂಗಾ ಹೀಗೆ ಮಾಡುತ್ತಾರೆಯೇ? ಸಿಟ್ಟು ಬಂದಿದೆ, ತುಂಬ ಸಿಟ್ಟು ಬಂದಿದೆ.

ಯಾರು ಹೇಳಿದರು ಎಂದು ಕೇಳುತ್ತೀರಿ. ಹೇಳಿಬಿಡುತ್ತೇನೆ, ಮುಚ್ಚಿಟ್ಟು ಸಾಕಾಗಿದೆ. ಕಯೊಂಡೊ ಹೇಳಿದ. ನಿಮ್ಮ ಕೆಂಪು ಟೈ. ಅವನ ತಾಯಿ ಇರುವುದು ಇಲ್ಲೇ ಜಿಂಜಾದಲ್ಲಿ, ಭಾನುವಾರ ಬರುತ್ತಾನೆ. ಒಂದು ವರ್ಷದಿಂದ ನಾವಿಬ್ಬರೂ ಸರೋವರದ ಕಟ್ಟೆಯ ಮೇಲೆ ಸುಟ್ಟ ಬಾಳೆಕಾಯಿ ತಿನ್ನುತ್ತ ಎಲ್ಲ ಮಾತಾಡುತ್ತೇವೆ, ಸೋಪೊಂದನ್ನು ಬಿಟ್ಟು. ಅವನ ಕಂಪನಿಗೆ ಗೊತ್ತಾದರೆ ಅವನ ಕೆಲಸ ಹೋಗುತ್ತದೆ, ನನ್ನ ಕಂಪನಿಗೆ ಗೊತ್ತಾದರೆ ನನ್ನದು. ಅದಕ್ಕೆ ನಿಮಗೂ ಹೇಳಲಿಲ್ಲ. ನಿಮ್ಮ ಅಂಗಡಿಯ ವಿಷಯ ಅವನು ನಗುನಗುತ್ತ ಹೇಳಿದ, ನೀವು ನನ್ನ ಸೆಂಗಾ ಎಂಬುದು ನೆನಪಾಗಿ ಅರ್ಧದಲ್ಲೇ ನಿಲ್ಲಿಸಿದ.

ಈಗ ನಿಮಗೆ ಎಲ್ಲ ಗೊತ್ತಾಯಿತು. ಉತ್ತರ ಬರೆಯದಿದ್ದರೂ ಸರಿ.

ಪ್ರೊಸ್ಕೋವಿಯಾ


ನ್ಯೆಂಡೊ
15 ಮೇ

ಪೂರ್ತಿ ಹೆಸರು ಬರೆದು ಸಹಿ ಮಾಡುವಷ್ಟು ಸಿಟ್ಟೇ? ಒಳ್ಳೆಯದು. ಸಿಟ್ಟಿನಲ್ಲಿ ನಿನ್ನ ತಲೆ ಚೆನ್ನಾಗಿ ಓಡುತ್ತದೆ.

ಹೌದು, ಕೂಡಿಟ್ಟೆ. ಹೌದು, ಮಾರಿದೆ. ಲಾಭವನ್ನೂ ಮಾಡಿದೆ, ಸೂರಿಗೆ ಹೊಸ ತಗಡು ಹಾಕಿಸಿದೆ. ನಾನು ವ್ಯಾಪಾರಸ್ಥೆ, ಮಠದ ಸಿಸ್ಟರ್ ಅಲ್ಲ. ಜನವರಿಯಲ್ಲಿ ನಿನಗೆ ಒಂದು ಪ್ರಶ್ನೆ ಕೇಳಿದೆ, ನೀನು ಪಾತ್ರೆ, ಮೈ ಎಂದು ಉತ್ತರ ಕೊಟ್ಟೆ. ಬಿಡಿಸಿ ಹೇಳಬಹುದಿತ್ತು. ಹೇಳಿದ್ದರೆ ನೀನು ನಿನ್ನ ಸಾಹೇಬರಿಗೆ ಏನೆನ್ನುತ್ತಿದ್ದೆ? "ಸಾರ್, ನನ್ನ ಸೆಂಗಾ ಬೇಡ ಅಂದ್ರು" ಎಂದೇ? ಮೇಜು ಸಿಕ್ಕ ವಾರದಲ್ಲೇ ಕಳೆದುಕೊಳ್ಳುತ್ತಿದ್ದೆ. ಸೆಂಗಾಳ ಮಾತಿಗೆ ಕಚೇರಿಯಲ್ಲಿ ಬೆಲೆಯಿಲ್ಲ ಮಗಳೇ. ಸಾವಿರದ ಮುನ್ನೂರಕ್ಕೆ ಬೆಲೆಯಿದೆ.

ನಿನ್ನನ್ನು ಅಳಿಸಿದ್ದಕ್ಕೆ ನನಗೆ ನೋವಾಗಿದೆ. ಮಾರ್ಚ್‌ನಲ್ಲಿ ನೀನು ಸೋಡಾದ ಸುದ್ದಿ ಬರೆದಾಗ ಎರಡು ಸಲ ಪೆನ್ನು ಹಿಡಿದು ಇಟ್ಟೆ. ಆ ಸಂತೋಷವನ್ನು ಮುರಿಯಲು ಕೈ ಬರಲಿಲ್ಲ. ಅದು ನನ್ನ ತಪ್ಪೇ ಇರಲಿ.

ಈಗ ಅಳುವುದು ಬಿಟ್ಟು ಯೋಚಿಸು. ನಿನ್ನ ಸೋಪು, ನಿನ್ನ ಮಾರ್ಕು, ಉದ್ದವಾಗಿದ್ದಾಗ, ಜಿಂಕೆಗಿಂತ ನಾನೂರೈವತ್ತು ಹೆಚ್ಚಿಗೆ ಹೋಯಿತು. ಯಾಕೆ? ನಗಾರಿ ನಮ್ಮ ರಾಜರ ಬಾಗಿಲಲ್ಲಿ ಬಾರಿಸುವುದು. ಮಾವನ ಮನೆಗೆ ನಗಾರಿ ಒಯ್ಯುವುದು ಬೇರೆ, ಜಿಂಕೆ ಒಯ್ಯುವುದು ಬೇರೆ. ನನ್ನ ಹತ್ತಿರ ಉಳಿದ ಕೊನೆಯ ಎರಡು ಉದ್ದ ಬಾರ್, ಜೊತೆಗೆ ಒಂದು ಬುಟ್ಟಿ, ಬಸ್ಸಿನವನ ಕೈಲಿ ಕಳಿಸಿದ್ದೇನೆ.

ಇನ್ನೊಂದು ಸುದ್ದಿ, ಇದು ಗುಟ್ಟಲ್ಲ, ಇಡೀ ನ್ಯೆಂಡೊಗೆ ಗೊತ್ತು. ಜಿಂಕೆಯವರು ನನ್ನ ಎಡಗೋಡೆಯಲ್ಲಿ ಬೆಲೆ ಅಳಿಸಿ ಆರುನೂರ ಎಂಬತ್ತು ಎಂದು ಬರೆದಿದ್ದಾರೆ. ಮುಂದಿನ ತಿಂಗಳಿಂದ ಅವರೂ ಗಿಡ್ಡ. ನಿಮ್ಮ ಮಾರ್ಚ್ ತಿಂಗಳ ಲಾರಿಗಳನ್ನು ನೋಡಿ ಅಚ್ಚು ಮಾಡಿಸಲು ಕೊಟ್ಟಿದ್ದರಂತೆ. ಅಚ್ಚು ಬಂದಿದೆ, ಉದ್ದದ ಅಚ್ಚುಗಳನ್ನು ಗುಜರಿಗೆ ಹಾಕಿದ್ದಾರೆ.

ಕಯೊಂಡೊ ವಿಷಯ ಫೆಬ್ರವರಿಯಿಂದಲೇ ಗೊತ್ತು. ಜಿಂಜಾದಲ್ಲಿ ನನ್ನ ತಮ್ಮನ ಮಗಳು ಇದ್ದಾಳೆ ಎಂದಾಗಲೆಲ್ಲ ಚಹಾ ಚೆಲ್ಲಿಕೊಳ್ಳುತ್ತಿದ್ದ. ಆಮೇಲೆ ನೀನು ಕೆಮ್ಮಿನ ಬಗ್ಗೆ ಕೇಳಿದೆ. ಅವನನ್ನು ಕ್ರಮವಾಗಿ ನನ್ನ ಹತ್ತಿರ ಕಳಿಸು, ಸೋಪು ಮಾರಲು ಅಲ್ಲ.

ನಿನ್ನ ಸೆಂಗಾ


ಜಿಂಜಾ
1 ಜೂನ್

ನನ್ನ ಸೆಂಗಾ,

ಸಿಟ್ಟು ಇಳಿಯಿತು. ಇಳಿದದ್ದಲ್ಲ, ಕೆಲಸಕ್ಕೆ ಹೋಯಿತು.

ನಿಮ್ಮ ಬುಟ್ಟಿಯನ್ನು ಸಭೆಯ ಮೇಜಿನ ಮೇಲಿಟ್ಟೆ. ಒಳಗೆ ಆರು ಗಿಡ್ಡ ಬಾರ್ ನಿಲ್ಲಿಸಿದೆ. "ಏನಾದ್ರೂ ಕಾಣ್ತಿದೆಯಾ ಸಾರ್?"

"ಬುಟ್ಟಿ ಕಾಣ್ತಿದೆ," ಎಂದರು ವಾಂಡೆರಾ.

ಅವನ್ನು ತೆಗೆದು ನಿಮ್ಮ ಎರಡು ಉದ್ದ ಬಾರ್ ನಿಲ್ಲಿಸಿದೆ. "ಈಗ?"

ಅವರು ಒಂದು ಬಾರ್ ಎತ್ತಿ ತೂಗಿ ನೋಡಿದರು. ಅವರು ಪೂರ್ವದವರು ನೋಡಿ, "ನಮ್ ಕಡೆ ಹಸು ಕೊಡ್ತಾರಮ್ಮ, ಸೋಪಲ್ಲ," ಎಂದರು ಕೊನೆಗೆ. ಆಗ ನಾನು ಎಲ್ಲ ಹೇಳಿದೆ. ಇದಕ್ಕಿಂತ ಗಿಡ್ಡದು ಏಳುನೂರಕ್ಕೆ ನಮ್ಮ ಗೋದಾಮಿನಲ್ಲಿ ಕೊಳೆಯುತ್ತಿರುವಾಗ, ಇದು ಸಾವಿರದ ಮುನ್ನೂರಕ್ಕೆ ಖಾಲಿಯಾಯಿತು ಎಂದೆ. ಎರಡು ಬಾರ್ ಮಾಡೋಣ: ಗಿಡ್ಡದು ಬಟ್ಟೆಗೆ, ಉದ್ದದ್ದು ಮರ್ಯಾದೆಗೆ. ಉದ್ದದ್ದು ಹಳೆಯದಕ್ಕಿಂತ ನಾಲ್ಕು ಬೆರಳು ಉದ್ದ, ಮೇಲೆ ಚಿನ್ನದ ಬಣ್ಣದ ಕಾಗದ, ಬೆಲೆ ಸಾವಿರದ ಇನ್ನೂರು, ಒಂದು ಶಿಲ್ಲಿಂಗ್ ಕಡಿಮೆಯಿಲ್ಲ.

ಕುರ್ಚಿ ತಟ್ಟಿದ್ದ ಸೇಲ್ಸ್‌ನವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಕಮ್ಮಿ ಬೆಲೇಲಿ ಸೋತೋಳು ಜಾಸ್ತಿ ಬೆಲೇಲಿ ಗೆಲ್ತಾಳಂತೆ!"

ವಾಂಡೆರಾ ಬುಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. "ಈ ಸಾವಿರದ ಮುನ್ನೂರು ಇಟ್ಟಿದ್ದು ಯಾರು?"

"ನನ್ನ ಸೆಂಗಾ ಸಾರ್."

"ಅವರಿಗೆ ಕೆಲಸ ಬೇಕಾ ಕೇಳು," ಎಂದು ಎದ್ದು ಹೋಗಿ ಕಾಗದಕ್ಕೆ ಸಹಿ ಹಾಕಿದರು. ಹಳೆಯ ಅಚ್ಚು ನಮ್ಮ ಷೆಡ್ಡಿನಲ್ಲೇ ಇತ್ತು, ತುದಿಗೆ ಬೆಸುಗೆ ಹಾಕಿ ಉದ್ದ ಮಾಡಿದರು. ಹತ್ತನೇ ತಾರೀಖು ಮೊದಲ ಲಾರಿ ಹೊರಡುತ್ತದೆ.

ಒಂದೇ ಒಂದು ಮುಳ್ಳು. ಭಾನುವಾರ ಕಟ್ಟೆಯ ಮೇಲೆ ಕಯೊಂಡೊ ಮೊದಲ ಸಲ ಸೋಪಿನ ಮಾತೆತ್ತಿದ. "ಪ್ರೊಸ್ಕೋ, ನೀವು ಮತ್ತೆ ಉದ್ದಕ್ಕೆ ಹೋಗ್ತಿದ್ದೀರಾ?" ನಾನು ನೀರು ನೋಡುತ್ತ ಕೂತೆ. ಅವನು ಮತ್ತೆ ಕೇಳಲಿಲ್ಲ. ಮನೆಗೆ ಬಂದು ನನಗೆ ನಿದ್ದೆ ಹತ್ತಲಿಲ್ಲ. ಅವನ ಕಂಪನಿ ಗಿಡ್ಡದ ಹಳ್ಳಕ್ಕೆ ಬೀಳುತ್ತಿದೆ, ಆ ಹಳ್ಳ ತೋಡಿದವಳು ನಾನು, ಒಂದು ಮಾತು ಹೇಳಿ ಎಚ್ಚರಿಸಲೂ ಇಲ್ಲ. ನಾನು ಗೆದ್ದರೆ ಅವನು ಸೋಲುತ್ತಾನೆ. ಆಮೇಲೆ ಯಾವ ಮುಖ ಇಟ್ಟುಕೊಂಡು ಅವನನ್ನು ಮದುವೆಯಾಗಲಿ?

ಅವನು ನಿಮ್ಮನ್ನು ನೋಡಲು ಬರುತ್ತಾನೆ, ಕ್ರಮವಾಗಿ.

ಪ್ರೊಸ್ಕೋ


ನ್ಯೆಂಡೊ
22 ಜೂನ್

ಮಗಳೇ, ಮಗಳೇ, ಮಗಳೇ!

ನೀನೇ ಬಂದು ನೋಡಬೇಕಿತ್ತು. ಹದಿಮೂರನೇ ತಾರೀಖು ಲಾರಿ ಬಂತು. ಚಿನ್ನದ ಕಾಗದ ನೋಡಿ ಮೀನಿನ ಅಂಗಡಿಯವಳು ಮೇಣದಬತ್ತಿ ಅಂದುಕೊಂಡಳು. ಮಾರನೆಯ ದಿನ ಮಧ್ಯಾಹ್ನಕ್ಕೆ ನನ್ನ ಬಾಗಿಲಲ್ಲಿ ಮದುಮಕ್ಕಳ, ಅವರ ಚಿಕ್ಕಪ್ಪಂದಿರ, ಅಣ್ಣಂದಿರ ಸಾಲು. ಒಬ್ಬ ಬೆಲೆ ಕೇಳಿ "ಅಯ್ಯೋ" ಎಂದ. ಅವನ ಹಿಂದಿದ್ದವನು, "ಆಗಲ್ಲ ಅಂದ್ರೆ ಪಕ್ಕಕ್ಕೆ ಸರಿಯಣ್ಣ, ನನ್ನ ಮಾವ ಮೇಷ್ಟ್ರು, ಅಳತೆಪಟ್ಟಿ ಇಟ್ಕೊಂಡೇ ಕೂತಿರ್ತಾನೆ," ಎಂದು ಅವನನ್ನು ತಳ್ಳಿ ಮುಂದೆ ಬಂದ. ಅಯ್ಯೋ ಎಂದವನು ಓಡಿ ಬಂದು ಎರಡು ಡಜನ್ ತೆಗೆದುಕೊಂಡ.

ಜಿಂಕೆಯ ಗಿಡ್ಡ ಬಾರ್ ಗೋಡೆಯೆತ್ತರ ಬಿದ್ದಿದೆ. ಅದಕ್ಕೇ ಈಗ "ಉಳಿದದ್ದು" ಎಂದೇ ಹೆಸರು. ನಿನ್ನ ಗಿಡ್ಡದರ ಮೇಲಿನ ಹೆಸರು ಅದಕ್ಕೆ ಹೋಯಿತು. ನಿನ್ನದನ್ನು ಬಟ್ಟೆಗೆ ಮತ್ತೆ ಕೇಳುತ್ತಿದ್ದಾರೆ. ನಿಮ್ಮ ಗೋದಾಮಿನವರು ನಿನ್ನೆ ಹಾಡುತ್ತ ಲಾರಿ ಇಳಿಸುತ್ತಿದ್ದರು.

ಕಯೊಂಡೊ ಬಂದಿದ್ದ. ಟೈ ಇರಲಿಲ್ಲ, ಉದ್ದನೆಯ ಬಿಳಿ ನಿಲುವಂಗಿ ತೊಟ್ಟು ಬಂದಿದ್ದ, ಮಂಡಿಯೂರಿದ. ನಿನ್ನ ಅಪ್ಪನಿಗೆ ಪತ್ರ ತಂದಿದ್ದ. ನಾನೂ ಬಿಡಲಿಲ್ಲ, ನೇರವಾಗಿ ಕೇಳಿದೆ: "ಏನಪ್ಪಾ, ನಮ್ ಹುಡುಗಿ ನಿಮ್ ಕಂಪನೀನ ಮುಳುಗಿಸ್ತಿದ್ದಾಳಲ್ಲ, ನಿನಗೆ ಸಿಟ್ಟಿಲ್ವಾ?"

ಅವನು ನಕ್ಕ. "ಅಮ್ಮಾ, ಅವಳು ಸರೋವರ ನೋಡ್ತಾ ಕೂತಾಗಲೇ ಗೊತ್ತಾಯ್ತು ಉದ್ದ ಬರುತ್ತೆ ಅಂತ. ನಾನು ಹೋಗಿ ನಮ್ಮ ದೊಡ್ಡವರಿಗೆ ಹೇಳ್ದೆ. ಗಿಡ್ಡ ಬೇಡ, ಬುಟ್ಟಿಗೆ ಆಗಲ್ಲ, ಕೈ ಮುಗೀತೀನಿ ಅಂದೆ. ಏನಂದ್ರು ಗೊತ್ತಾ? 'ನೀನು ಸೋಪ್ ಮಾರಕ್ಕಿರೋದು, ಮದುವೆ ಮಾಡ್ಸಕ್ಕಲ್ಲ.' ಅವಳ ಮಾತು ಅವರ ಸಾಹೇಬ್ರು ಕೇಳಿದ್ರು. ನನ್ನ ಮಾತು ನಮ್ಮವರು ಕೇಳ್ಲಿಲ್ಲ. ಅದಕ್ಕೆ ಅವಳ ಮೇಲೆ ಯಾಕೆ ಸಿಟ್ಟು?"

ಕೇಳಿದೆಯಾ? ಅವನು ತನ್ನ ಉಪ್ಪಿನ ಋಣಕ್ಕೆ ತಪ್ಪಲಿಲ್ಲ, ನೀನು ನಿನ್ನದಕ್ಕೆ ತಪ್ಪಲಿಲ್ಲ. ನೀನು ಗೆದ್ದದ್ದು ಅವನನ್ನಲ್ಲ, ಅವನ ಮಾತು ಕೇಳದವರನ್ನು. ಆ ಮುಳ್ಳು ಕಿತ್ತು ಬಿಸಾಕು.

ಕ್ವಂಜುಲಾ ಜುಲೈ ಹದಿಮೂರಕ್ಕೆ ಎಂದು ನಿನ್ನ ಅಪ್ಪ ಹೇಳಿಯಾಯಿತು. ಈಗ ತಮಾಷೆ ಕೇಳು. ಜಿಂಕೆಯವನಾದರೂ ಅವನ ಬುಟ್ಟಿಗೆ ಆಗುವ ಜಿಂಕೆ ಇಲ್ಲ. ಮುಂದಿನ ವಾರ ನನ್ನ ಅಂಗಡಿಗೆ ನಗಾರಿ ಕೊಳ್ಳಲು ಬರುತ್ತಾನಂತೆ, ನಾಲ್ಕು ಡಜನ್. ನಾಚುತ್ತಲೇ ಕೇಳಿದ, ಸಗಟು ದರ ಏನಾದರೂ ಸಿಗಬಹುದೇ ಎಂದು. ಮನೆಯ ಅಳಿಯನಾಗುವವನು, ಕಂಪನಿಯವರು ಬೇರೆ ಸಂಬಳ ಹಿಡಿದಿದ್ದಾರೆ. ನನಗೆ ಕರುಳು ಚುರುಕ್ ಎಂದಿತು, ಇನ್ನೂರು ಬಿಡೋಣ ಅಂದುಕೊಂಡಿದ್ದೇನೆ. ಏನು ಹೇಳುತ್ತೀ?

ಸೆಂಗಾ


ಜಿಂಜಾ
27 ಜೂನ್

ಸೆಂಗಾ,

ಬಸ್ಸು ಹೊರಡುವುದರೊಳಗೆ ಬರೆಯುತ್ತಿದ್ದೇನೆ. ಮಸಾಕಾ ಗೋದಾಮಿಗೆ ಬೀಗ ಬೀಳುವುದಿಲ್ಲ, ಇನ್ನೂ ಇಬ್ಬರನ್ನು ಸೇರಿಸಿಕೊಳ್ಳುತ್ತಾರೆ. ಬೆಳಿಗ್ಗೆ ವಾಂಡೆರಾ ಸಾಹೇಬರು ಬಂದು ನನ್ನ ಮೇಜಿನ ಮೇಲೆ ಹೆಸರಿನ ಹಲಗೆ ಇಟ್ಟು ಹೋದರು. ಕುರ್ಚಿ ನನ್ನದು ಸೆಂಗಾ! ಪಶ್ಚಿಮದ ಎಲ್ಲ ಜಿಲ್ಲೆಗಳ ಬೆಲೆ ಇನ್ನು ನಾನೇ ಕಟ್ಟುತ್ತೇನೆ. ಕಯೊಂಡೊ ವಿಷಯ ಸಾಹೇಬರಿಗೆ ನಾನೇ ಹೇಳಿಬಿಟ್ಟೆ, ಅವರು ನಕ್ಕು ಒಪ್ಪಿಕೊಂಡರು. ಅಂಗಳದಲ್ಲಿ ಲೋಡ್ ಮಾಡುವವರೆಲ್ಲ "ಮದುಮಗಳು! ಮದುಮಗಳು!" ಎಂದು ಕೂಗುತ್ತಿದ್ದಾರೆ, ನಗು ತಡೆಯಲಾಗದೆ ಅಕ್ಷರ ಸೊಟ್ಟಗಾಗುತ್ತಿದೆ. ಕಯೊಂಡೊ ಹೇಳಿದ ಮಾತನ್ನು ಹತ್ತು ಸಲ ಓದಿದೆ.

ಅವನು ಬಂದರೆ ಚಹಾ ಕೊಡಿ, ಊಟ ಹಾಕಿ, ಬೇಕಾದರೆ ಹಾಡಿ ಹೊಗಳಿ. ಆದರೆ ಬೇರೆ ಮದುಮಕ್ಕಳ ಜೊತೆ ಸಾಲಿನಲ್ಲೇ ನಿಲ್ಲಲಿ. ಒಂದು ಶಿಲ್ಲಿಂಗನ್ನೂ ಬಿಡಬೇಡಿ. ಆ ಬೆಲೆ ಇಟ್ಟವಳು ನಾನು.

ನಿಮ್ಮ
ಪ್ರೊಸ್ಕೋ